ಅಡುಗೆಮನೆಗೆ ನುಗ್ಗುವ ಆಯಿ: ಕಲಬುರಗಿಯ ವೃದ್ಧಾಶ್ರಮದ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

"ಮೇಡಂ, ಆಯಿ ದಿನಾ ಅಡಗಿಮನ್ಯಾಗ ನುಗ್ಗತಾರ. ಒಲಿ ಹಚ್ಚಿ ಹಂಗೇ ಬಿಟ್ಟು ಬರ್ತಾರ. ತಡದ್ರ ಊಟಾನೇ ಬಿಡ್ತಾರ. ಏನು ಮಾಡೂಣ್ರಿ?" ವೃದ್ಧಾಶ್ರಮದ ಮೇಲ್ವಿಚಾರಕಿ ಇಟ್ಟ ದೂರು ಇದು.

ಎಲ್ಲರೂ ಆಯಿ ಎಂದು ಕರೆಯುವ ಶಾಂತಾಬಾಯಿಗೆ 74 ವರ್ಷ. ಗಂಡ ತೀರಿಕೊಂಡ ಮೇಲೆ ಹೈದರಾಬಾದಿನಲ್ಲಿರುವ ಮಗ ಇಲ್ಲಿ ತಂದು ಬಿಟ್ಟಿದ್ದಾರೆ. ಸಕ್ಕರೆ ಕಾಯಿಲೆ ಹಳೆಯದು, ಮರೆವಿನ ಕಾಯಿಲೆ ಆರಂಭದ ಹಂತದಲ್ಲಿದೆ. ಎರಡು ತಿಂಗಳಲ್ಲಿ ಮೂರು ಕೆಜಿ ಇಳಿದಿದ್ದರು. ತೂಕ ಇಳಿದಿದ್ದನ್ನು ನೇರವಾಗಿ ಮನಸ್ಸಿನ ಖಾತೆಗೆ ಬರೆಯಬಾರದು. ಹಾಗಾಗಿ ಮೊದಲು ವೈದ್ಯರಿಂದ ಹಲ್ಲಿನ ಸೆಟ್ಟು, ಬಾಯಿಹುಣ್ಣು, ಸಕ್ಕರೆ, ಥೈರಾಯ್ಡ್, ಮೂತ್ರದ ಸೋಂಕು, ಖಿನ್ನತೆ ಎಲ್ಲವನ್ನೂ ನೋಡಿಸಲು ಹೇಳಿದೆವು. ಕೆಳಗಿನ ಸೆಟ್ಟು ಸಡಿಲವಾಗಿತ್ತು, ಅದನ್ನು ಸರಿ ಮಾಡಿಸಿದ್ದಾಯಿತು. ಆದರೂ ತಾಟಿನ ಮುಂದೆ ಕುಳಿತರೆ ಮುಖ ತಿರುಗಿಸುತ್ತಿದ್ದರು.

ಕಾರಣವನ್ನು ಅವರೇ ಹೇಳಿದರು: "ಕುಂತು ಉಣ್ಣೋದು ಬೀಗರ ಮನಿಯಾಗ. ಇದು ಬೀಗರ ಮನಿ ಏನು?"

ತೊಗರಿ ರಾಶಿಯ ಕಾಲಕ್ಕೆ ಹೊಲದ ಆಳುಗಳಿಗೆಲ್ಲ ಬುತ್ತಿ ಕಟ್ಟಿ ಕಳಿಸಿದ ಹೆಣ್ಣುಮಗಳು ಇವರು. ಅವರ ಕೊರತೆ ಊಟದ್ದಲ್ಲ, ಉಣಿಸುವ ಹಕ್ಕಿನದು. ಹೊತ್ತು ಕಳೆಯಲೆಂದು ಬಣ್ಣದ ಕಾಗದ ಕತ್ತರಿಸಲು ಕೊಟ್ಟಾಗ ಎದ್ದು ಹೋಗಿದ್ದರು, ಅದು ಸರಿಯೇ. ನಮ್ಮ ಸಲಹೆಯ ತಿರುಳು ಇಷ್ಟೇ ಆಗಿತ್ತು: ವಾರಕ್ಕೆ ಎರಡು ದಿನ ನಾಲ್ಕೈದು ಜನ ಸೇರಿ ತಿಂಡಿ ಮಾಡಲಿ, ಮಾಡಿದ್ದು ಅದೇ ದಿನ ಬೇರೆಯವರ ತಾಟಿಗೆ ಹೋಗಲಿ, ಬಡಿಸುವವರು ಶಾಂತಾಬಾಯಿಯೇ ಆಗಿರಲಿ. ಮಾಡಿಸಿ ಆಮೇಲೆ ಪಕ್ಕಕ್ಕಿಟ್ಟರೆ ಅವರಿಗೆ ಗೊತ್ತಾಗುತ್ತದೆ. ಮರೆವು ಇದ್ದವರಿಗೂ ಅವಮಾನ ತಿಳಿಯುತ್ತದೆ.

ಹೊತ್ತು ಬೆಳಿಗ್ಗೆ ಹತ್ತೂವರೆ. ಸಂಜೆಯಾದಂತೆ ಮರೆವಿನವರಲ್ಲಿ ಚಡಪಡಿಕೆ ಹೆಚ್ಚುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆಯ ಮಧ್ಯಾಹ್ನ ಯಾರಿಗೂ ಆಗಿಬರುವುದಿಲ್ಲ. ಮುಕ್ಕಾಲು ಗಂಟೆ ಸಾಕು. ಕೈಯಿರುವ ಕುರ್ಚಿ, ಮೊಣಕೈ ಮಟ್ಟದ ಟೇಬಲ್ ಬೇಕು. ನೆಲದ ಮೇಲೆ ಕುಳಿತೇ ರೂಢಿಯಾದವರು "ಕೆಳಗ ಕುಂದರ್ತೀವಿ" ಅನ್ನುತ್ತಾರೆ, ಆದರೆ ಏಳುವಾಗ ಬೀಳುತ್ತಾರೆ. ಟೇಬಲ್ ಹತ್ತಿರ ಬೆಂಕಿ, ಈಳಿಗೆ ಎರಡೂ ಬೇಡ.

ಮೊದಲ ತಿಂಡಿ ಸುಸಲಾ, ಅಂದರೆ ನೆನೆಸಿದ ಮಂಡಕ್ಕಿಯ ಒಗ್ಗರಣೆ. ಮಾಡುವ ಕ್ರಮ ಕೈಗೆ ಗೊತ್ತು, ಕಚ್ಚಲು ಮೆತ್ತಗೆ. ಎಂಟು ಜನರಿಗೆ ಚುರುಮುರಿ (ಮಂಡಕ್ಕಿ) 300 ಗ್ರಾಂ, ಪುಟಾಣಿ (ಹುರಿಗಡಲೆ) 75 ಗ್ರಾಂ, ಹುರಿದ ಶೇಂಗಾ 50 ಗ್ರಾಂ, ಮೂರು ಉಳ್ಳಾಗಡ್ಡಿ, ಎರಡು ಟೊಮೆಟೊ, ನಾಲ್ಕು ದೊಡ್ಡ ಚಮಚ ಎಣ್ಣೆ, ಸಾಸಿವೆ, ಜೀರಿಗೆ, ಅರ್ಧ ಸಣ್ಣ ಚಮಚ ಅರಿಶಿನ, ಒಂದು ನಿಂಬೆಹಣ್ಣು. ಹಸಿಮೆಣಸಿನಕಾಯಿಯನ್ನು ಸಿಬ್ಬಂದಿಯೇ ಉದ್ದಕ್ಕೆ ಸೀಳಬೇಕು, ಬಡಿಸುವ ಮುಂಚೆ ತೆಗೆದುಬಿಡಬೇಕು. ಖಾರದ ಬೆರಳು ಕಣ್ಣಿಗೆ ಹೋಗುವುದು ತಡವಿಲ್ಲ.

ಪುಟಾಣಿ, ಶೇಂಗಾ ಎರಡನ್ನೂ ಸಣ್ಣ ಒಳ್ಳಿನಲ್ಲಿ ಕುಟ್ಟಿ ಪುಡಿ ಮಾಡಿಸಿ. ಇಡೀ ಶೇಂಗಾ ಹಾಕಿದರೆ ಹಲ್ಲಿಲ್ಲದವರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಗಲವಾದ ಪಾತ್ರೆಯಲ್ಲಿ ಚುರುಮುರಿ ಹಾಕಿ, ನೀರು ಸುರಿದು, ಅಂಗೈಯಿಂದ ಒತ್ತಿ ಅರ್ಧ ನಿಮಿಷದಲ್ಲಿ ತೆಗೆಯಬೇಕು. ಬೆರಳಿನಿಂದ ಅಮುಕಿದರೆ ನಡುವೆ ಗಟ್ಟಿ ಇರಬಾರದು, ಆಕಾರವೂ ಕೆಡಬಾರದು. ಹೆಚ್ಚು ಹೊತ್ತು ಬಿಟ್ಟರೆ ಗಂಜಿಯಾಗುತ್ತದೆ. ಕೀಲು ನೋವಿನವರಿಗೆ ಉಗುರುಬೆಚ್ಚಗಿನ ನೀರು ಹಿತ, ಆದರೆ ಅದರಲ್ಲಿ ಇನ್ನೂ ಬೇಗ ನೆನೆಯುತ್ತದೆ. ಮುಷ್ಟಿ ಮುಷ್ಟಿಯಾಗಿ ಹಿಂಡುವ ಕೆಲಸವನ್ನು ಶಾಂತಾಬಾಯಿಗೆ ಕೊಟ್ಟೆವು. ಹಿಂಡುವುದು ಸಾಲದಿದ್ದರೆ ಪುಡಿ ಗಂಟು ಕಟ್ಟುತ್ತದೆ.

ಒಗ್ಗರಣೆ ಒಳಗೆ, ಸಿಬ್ಬಂದಿಯ ಕೈಯಲ್ಲಿ. ಉಳ್ಳಾಗಡ್ಡಿ ಪೂರ್ತಿ ಮೆತ್ತಗಾಗಬೇಕು. ಬಾಣಲೆಯನ್ನು ಇಳಿಸಿ, ಚುರ್ ಅನ್ನುವುದು ನಿಂತ ಮೇಲೆ ಟೇಬಲ್ಲಿಗೆ ತರಬೇಕು. ಆ ವಾಸನೆಯೇ ಅರ್ಧ ಹಸಿವು ತರುತ್ತದೆ, ಅದನ್ನು ಅಡುಗೆಮನೆಯಲ್ಲೇ ಮುಗಿಸಿಬಿಡಬೇಡಿ. ಚುರುಮುರಿ ಕಲಸಿ, ಪುಡಿಯನ್ನು ಕೊನೆಗೆ ಉದುರಿಸಬೇಕು. ಅಂಗಡಿಯ ಚುರುಮುರಿಯಲ್ಲಿ ಮೊದಲೇ ಉಪ್ಪು ಇರುತ್ತದೆ. ರುಚಿ ನೋಡದೆ ಉಪ್ಪು ಹಾಕಿದರೆ ರಕ್ತದೊತ್ತಡದವರಿಗೆ ತೊಂದರೆ.

ಚುರುಮುರಿ ಹಗುರ ಎಂಬ ನಂಬಿಕೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ತಾಟು ತುಂಬಾ ಕೊಡುತ್ತಾರೆ. ಅದು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಅವರಿಗೆ ಸಣ್ಣ ಬಟ್ಟಲು, ಪುಟಾಣಿ ಪುಡಿ ಒಂದು ಚಮಚ ಹೆಚ್ಚು.

ಎರಡನೆಯದು ಶೇಂಗಾ ಉಂಡಿ. ಶೇಂಗಾ 250 ಗ್ರಾಂ, ಬೆಲ್ಲ 125 ಗ್ರಾಂ, ಪಾಕ ಬೇಡ. ಪಾಕದ ಉಂಡಿ ಹಲ್ಲಿನ ಸೆಟ್ಟನ್ನೇ ಕಿತ್ತುಕೊಂಡು ಬರುತ್ತದೆ. ಕಪ್ಪಾದ, ಮುದುಡಿದ ಕಾಳು ಆರಿಸಿ ತೆಗೆಯುವುದು ಕಣ್ಣು ಚೆನ್ನಾಗಿರುವವರ ಪಾಲು. ಹುರಿದು ತಣಿಸಿದ ಕಾಳನ್ನು ಬಟ್ಟೆಯಲ್ಲಿ ತಿಕ್ಕಿ, ಸಿಪ್ಪೆ ಕೇರಲು ಶಾಂತಾಬಾಯಿ ಕೈಗೆ ಮೊರ ಕೊಟ್ಟಾಗ ಅವರ ಮಣಿಕಟ್ಟು ತಾನಾಗಿ ತಿರುಗಿತು: ಎರಡು ಸಲ ಮೇಲಕ್ಕೆ, ಒಂದು ಸಲ ಅಡ್ಡ, ಸಿಪ್ಪೆಯೆಲ್ಲ ಅಂಚಿಗೆ. ಬೆಳಿಗ್ಗೆ ಏನು ತಿಂದೆ ಎಂಬುದು ಅವರಿಗೆ ನೆನಪಿರಲಿಲ್ಲ. ಕೈಯ ರೂಢಿ ಬೇರೆ ನೆನಪುಗಳಿಗಿಂತ ಬಹಳ ಕಾಲ ಉಳಿಯುತ್ತದೆ. ಆದ್ದರಿಂದ "ಹೆಂಗ ಮಾಡ್ತೀರಿ ಹೇಳ್ರಿ" ಎಂದು ಕೇಳಬೇಡಿ, "ನೆನಪದ ಏನು" ಎಂದಂತೂ ಬೇಡವೇ ಬೇಡ. ಮೊರ ಕೈಗೆ ಕೊಡಿ, ಒಂದು ಸಲಕ್ಕೆ ಒಂದೇ ಕೆಲಸ. ಕೇರುವುದು ವರಾಂಡದಲ್ಲಿ ಆಗಲಿ, ದಮ್ಮಿನವರು ದೂರ ಕೂರಲಿ.

ಕಾಳು ಬಿಸಿ ಇರುವಾಗ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಆರಿದ ಮೇಲೆ ಬಿಟ್ಟು ಬಿಟ್ಟು ತಿರುಗಿಸಿ, ತುರಿದ ಬೆಲ್ಲ ಸೇರಿಸಿ. ಉಂಡಿ ಒಡೆದರೆ ಒಂದು ಚಮಚ ತುಪ್ಪ ಹಾಕಿ. 15 ಗ್ರಾಮಿನಂತೆ ಕಟ್ಟಿದರೆ 25 ಆಗುತ್ತವೆ. ಬೆಲ್ಲವಾದರೂ ಸಕ್ಕರೆಯೇ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಒಪ್ಪಿದರೆ ಒಂದು, ಅದೂ ಆ ದಿನದ ಊಟದ ಲೆಕ್ಕದಲ್ಲೇ.

ಎರಡನೇ ವಾರ ಎಲ್ಲ ಕೆಟ್ಟಿತು. ಶಾಂತಾಬಾಯಿ ಕಟ್ಟಿದ ಉಂಡಿಗಳು ಒಂದು ಸಣ್ಣದು, ಒಂದು ದೊಡ್ಡದು. ಸಹಾಯಕಿಯೊಬ್ಬಳು ಒಳ್ಳೆಯ ಮನಸ್ಸಿನಿಂದಲೇ, ಅವರ ಕಣ್ಣೆದುರಿಗೇ ಅವನ್ನು ಒಡೆದು ಸಮ ಮಾಡಿ ಕಟ್ಟಿದಳು. ಶಾಂತಾಬಾಯಿ ಕೈ ತೊಳೆದುಕೊಂಡು ಹೋದವರು ಮುಂದಿನ ಸಲ ಬರಲಿಲ್ಲ. ಸಿಬ್ಬಂದಿಗೆ ನಾವು ಕಡ್ಡಾಯ ಮಾಡಿದ್ದು: ಕಟ್ಟಿದ ಉಂಡಿಯನ್ನು ಯಾರೂ ಮುಟ್ಟಬಾರದು. ಅಳತೆ ಬೇಕಿದ್ದರೆ ಮೊದಲೇ ಚಮಚದಲ್ಲಿ ಅಳೆದು ಕೈಗೆ ಹಾಕಬೇಕು. ಕರೆಯಲು ಸಹಾಯಕಿಯೇ ಹೋಗಬೇಕು, "ಆಯಿ, ಚುರುಮುರಿ ಹಿಂಡ್ಲಾಕ ನನಗ ಬರಂಗಿಲ್ಲ, ಬರ್ರಿ" ಅಂತ. ಬಂದರು.

ಅದೇ ಟೇಬಲ್ಲಿನಲ್ಲಿ ಇನ್ನೊಬ್ಬರು, "ಈಕಿ ಕೈಯಿಂದ ನಾ ಉಣ್ಣಂಗಿಲ್ಲ" ಎಂದರು. ಜಾತಿಯ ಮಾತು, ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ನಾವು ರಾಜಿ ಮಾಡಲಿಲ್ಲ. ತಿನ್ನದಿರುವುದು ಅವರ ಇಷ್ಟ, ಆದರೆ ಅವರಿಗೆಂದು ಬೇರೆ ಪಾತ್ರೆಯಿಲ್ಲ, ಶಾಂತಾಬಾಯಿಯನ್ನು ಏಳಿಸುವುದಿಲ್ಲ ಎಂದು ಮೇಲ್ವಿಚಾರಕಿ ಶಾಂತವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು.

ಅಡುಗೆಯವರ ಭಯಕ್ಕೂ ಕಾರಣವಿತ್ತು. ಗ್ಯಾಸ್ ಹೊತ್ತಿದರೆ ಬೈಸಿಕೊಳ್ಳುವವರು ಅವರೇ. ಅಡುಗೆ ಮುಗಿದೊಡನೆ ರೆಗ್ಯುಲೇಟರ್ ಬಂದ್ ಮಾಡಬೇಕು, ದಿನಾ ಬೆಳಿಗ್ಗೆ ಸಾರಿನ ರುಚಿಯನ್ನು ಬಾಗಿಲ ಬಳಿ ಆಯಿಗೆ ತೋರಿಸಿ ಉಪ್ಪು ಸರಿಯಿದೆಯೇ ಎಂದು ಕೇಳಬೇಕು ಎಂದೆವು. ಒಳಗೆ ನುಗ್ಗುವುದು ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ. ತಾವು ಬಡಿಸಿದ ದಿನ ಎಲ್ಲರ ಜೊತೆ ಕುಳಿತು ಉಣ್ಣುತ್ತಾರೆ. ತೂಕ ಇಳಿಯುವುದು ನಿಂತಿದೆ.

ಮಗನಿಗೆ ಹೇಳಿದ್ದು: ಫೋನಿನಲ್ಲಿ "ಏನು ಊಟ ಮಾಡಿದಿ ಅವ್ವಾ" ಎಂದು ಕೇಳಬೇಡಿ, ಉತ್ತರ ಸಿಗದೆ ಅವರು ತಳಮಳಗೊಳ್ಳುತ್ತಾರೆ. ಬಂದಾಗ ಅವರು ಕಟ್ಟಿದ ಉಂಡಿ ಕೇಳಿ ತಿನ್ನಿ.

ಸಿಬ್ಬಂದಿಗೆ ಬರೆದುಕೊಟ್ಟದ್ದು: ತಿನ್ನುವಾಗ ಬೆನ್ನು ನೆಟ್ಟಗಿರಲಿ, ತಿಂದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ನುಂಗುವಾಗ ಕೆಮ್ಮು ಬಂದರೆ, ತಿಂದ ಮೇಲೆ ದನಿ ಗೊರಗೊರ ಆದರೆ, ತುತ್ತು ಕೆನ್ನೆಯಲ್ಲೇ ಉಳಿದರೆ ಸುಸಲಾ, ಉಂಡಿ ಎರಡನ್ನೂ ಅಂದೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಆಗಲೂ ಟೇಬಲ್ಲಿಗೆ ಕರೆಯುವುದನ್ನು ನಿಲ್ಲಿಸಬೇಡಿ. ಕೇರುವುದು, ಹಿಂಡುವುದು, ಬಡಿಸುವುದು ಅವರದೇ ಇರಲಿ.