ನಿವೃತ್ತಿಯ ನಂತರ ದಂಪತಿಗೆ ಯಾವ ಬಗೆಯ ಆರೋಗ್ಯ ವಿಮೆ ಸರಿಹೋಗುತ್ತದೆ?

ನಮಸ್ಕಾರ. ಕೊಪ್ಪಳ ಜಿಲ್ಲೆಯ ಗಿಣಿಗೇರಿ ಬಳಿಯ ಕಾರ್ಖಾನೆಯಿಂದ ಇನ್ನು ನಾಲ್ಕು ತಿಂಗಳಲ್ಲಿ ನಿವೃತ್ತರಾಗುತ್ತಿರುವುದಾಗಿಯೂ, ಕೆಲಸ ಬಿಟ್ಟ ದಿನವೇ ಕಾರ್ಖಾನೆಯ ಗುಂಪು ವಿಮೆ ನಿಲ್ಲುವುದಾಗಿಯೂ, ಮನೆಯವರಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇರುವುದಾಗಿಯೂ ಬರೆದಿದ್ದೀರಿ. ಇಬ್ಬರಿಗೂ ಸೇರಿಸಿ ಒಂದೇ ಫ್ಲೋಟರ್ ಪಾಲಿಸಿ ತೆಗೆದುಕೊಳ್ಳಬೇಕೆ, ಬೇರೆ ಬೇರೆ ತೆಗೆದುಕೊಳ್ಳಬೇಕೆ, ಏಜೆಂಟರು ಹೇಳುತ್ತಿರುವ ಹಿರಿಯ ನಾಗರಿಕರ ವಿಶೇಷ ಪಾಲಿಸಿ ಒಳ್ಳೆಯದೆ, ಇಲ್ಲವೇ ಸರ್ಕಾರದ ಕಾರ್ಡ್ ಒಂದೇ ಸಾಕೆ ಎಂಬುದು ನಿಮ್ಮ ಪ್ರಶ್ನೆ. ನಾನು ವಿಮಾ ಏಜೆಂಟನಲ್ಲ. ರಾಯಚೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತನಾದವನು. ಇದೇ ಪ್ರಶ್ನೆಗೆ ಒಮ್ಮೆ ತಪ್ಪು ಉತ್ತರ ಹುಡುಕಿಕೊಂಡು ದುಡ್ಡು ಕಳೆದುಕೊಂಡವನು.

ಮೊದಲು ತುರ್ತಿನ ಮಾತು. ಹೊಸ ಪಾಲಿಸಿಗಳನ್ನು ಹೋಲಿಸುತ್ತ ಕೂರುವ ಮುನ್ನ ನಿಮ್ಮ ಕಾರ್ಖಾನೆಯ ಗುಂಪು ವಿಮೆ ಯಾವ ಕಂಪನಿಯದೆಂದು ಸಿಬ್ಬಂದಿ ವಿಭಾಗದಲ್ಲಿ ಕೇಳಿ, ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಡುವಂತೆ ನಿವೃತ್ತಿಗೆ ಕನಿಷ್ಠ ಒಂದೂವರೆ ತಿಂಗಳು ಮೊದಲೇ ಲಿಖಿತ ಅರ್ಜಿ ಕೊಡಿ. ಹೊಸದಾಗಿ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ ಗರಿಷ್ಠ ಮೂರು ವರ್ಷದವರೆಗೆ ಕಾಯುವ ಅವಧಿ ಇರುತ್ತದೆ; ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡಕ್ಕೋ ಕಾಲಿಗೋ ತೊಂದರೆಯಾಗಿ ಆಸ್ಪತ್ರೆ ಸೇರಿದರೂ ಆ ಅವಧಿಯಲ್ಲಿ ಪೈಸೆ ಸಿಗುವುದಿಲ್ಲ. ವರ್ಗಾವಣೆಯಾದರೆ, ಗುಂಪು ವಿಮೆಯಲ್ಲಿ ಸತತವಾಗಿ ಕಳೆದ ವರ್ಷಗಳು ಹಳೆಯ ವಿಮಾ ಮೊತ್ತದ ಮಟ್ಟಿಗೆ ಈ ಲೆಕ್ಕಕ್ಕೆ ಸೇರುತ್ತವೆ. ಕಂಪನಿ ತಪಾಸಣೆ ಕೇಳಬಹುದು, ಪ್ರೀಮಿಯಂ ಹೆಚ್ಚಿರಬಹುದು. ಆದರೂ ನಿಮ್ಮ ಮನೆಯವರ ಮಟ್ಟಿಗೆ ಇದಕ್ಕಿಂತ ಬೆಲೆಬಾಳುವ ಸೌಲಭ್ಯ ಮತ್ತೊಂದಿಲ್ಲ. ನಿವೃತ್ತಿಯಾಗಿ ಸನ್ಮಾನದ ಶಾಲು ಮಡಚಿಟ್ಟ ಮೇಲೆ ಕೇಳಲು ಹೋದರೆ ಈ ಬಾಗಿಲು ಮುಚ್ಚಿರುತ್ತದೆ. ನಾನು ಹಾಗೆಯೇ ತಡಮಾಡಿದ್ದೆ.

ಹಾಗಾಗಿ ನಾನು ಏಜೆಂಟರ ಮಾತಿನಂತೆ ಹಿರಿಯ ನಾಗರಿಕರ ವಿಶೇಷ ಪಾಲಿಸಿಯೊಂದನ್ನು ಕೊಂಡೆ. ವಿಮಾ ಮೊತ್ತ 3 ಲಕ್ಷ ರೂಪಾಯಿ. ಪ್ರೀಮಿಯಂ ಕಡಿಮೆ ಎಂಬುದನ್ನಷ್ಟೇ ನೋಡಿದೆ. ಕೋಣೆ ಬಾಡಿಗೆಗೆ ವಿಮಾ ಮೊತ್ತದ ಶೇ. 1, ಅಂದರೆ ದಿನಕ್ಕೆ 3,000 ರೂಪಾಯಿ ಮಿತಿ, ಜೊತೆಗೆ ಪ್ರತಿ ಕ್ಲೇಮಿಗೆ ಶೇ. 20 ಕೋ-ಪೇ (ನಾವೇ ಭರಿಸಬೇಕಾದ ಪಾಲು) ಎಂದು ಒಳಪುಟದಲ್ಲಿ ಬರೆದಿದ್ದನ್ನು ನೋಡಲಿಲ್ಲ. ಮೂರು ವರ್ಷದ ನಂತರ ನನ್ನ ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಹೈದರಾಬಾದಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೇ ತಿಂಗಳು, ರಾಯಚೂರಿನ ಬಿಸಿಲಲ್ಲಿ ಬೆಂದು ಹೋದ ನಮಗೆ ಎ.ಸಿ. ಕೋಣೆಯೇ ಬೇಕೆನಿಸಿತು. ದಿನಕ್ಕೆ 6,000. ಮಿತಿಗಿಂತ ಹೆಚ್ಚಾದ 3,000ವನ್ನು ನಾಲ್ಕು ದಿನಕ್ಕೆ ಕೈಯಿಂದ ಕೊಟ್ಟರಾಯಿತು, 12,000 ರೂಪಾಯಿಯ ಮಾತು ಎಂದುಕೊಂಡಿದ್ದೆ.

ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಕೈಗೆ ಬಂದ ಹಾಳೆ ಬೇರೆಯೇ ಲೆಕ್ಕ ಹೇಳಿತು. ಒಟ್ಟು ಬಿಲ್ಲು 1,50,000: ಕೋಣೆಗೆ 24,000, ಶಸ್ತ್ರಚಿಕಿತ್ಸಕರು, ಅರಿವಳಿಕೆ, ಆಪರೇಷನ್ ಥಿಯೇಟರ್ ಸೇರಿ 84,000, ಔಷಧ ಮತ್ತು ಪರೀಕ್ಷೆಗಳಿಗೆ 42,000. ನಾವು ಹಿಡಿದದ್ದು ಮಿತಿಯ ಎರಡರಷ್ಟು ಬಾಡಿಗೆಯ ಕೋಣೆಯಾದ್ದರಿಂದ ಕೋಣೆಯ ಬಾಡಿಗೆ ಮಾತ್ರವಲ್ಲ, ವೈದ್ಯರ ಮತ್ತು ಥಿಯೇಟರಿನ ಶುಲ್ಕವೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿದಿತ್ತು. ಕೋಣೆಗೆ 12,000, ಶಸ್ತ್ರಚಿಕಿತ್ಸೆಗೆ 42,000, ಔಷಧ-ಪರೀಕ್ಷೆಗಳ 42,000ಕ್ಕೆ ಈ ಕಡಿತ ತಗುಲದೆ ಪೂರ್ತಿ, ಒಟ್ಟು 96,000. ಅದರ ಮೇಲೆ ಶೇ. 20 ಕೋ-ಪೇ 19,200 ಕಳೆದು ವಿಮಾ ಕಂಪನಿ ಕೊಟ್ಟದ್ದು 76,800. ಮಿಕ್ಕ 73,200 ನನ್ನ ಕೈಯಿಂದ. ಮೂವತ್ತು ವರ್ಷ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕಿದವನು ಆ ಹಾಳೆಯನ್ನು ಮೂರು ಸಲ ಕೂಡಿ ಕಳೆದು ನೋಡಿದೆ. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ.

ಆದ್ದರಿಂದ ಪಾಲಿಸಿಯ ಹೆಸರನ್ನೂ ಮೊತ್ತವನ್ನೂ ಬದಿಗಿಟ್ಟು, ಕತ್ತರಿ ಎಲ್ಲೆಲ್ಲಿ ಬೀಳುತ್ತದೆ ಎಂಬುದನ್ನು ಮೊದಲು ನೋಡಿ ಎನ್ನುವುದು ನನ್ನ ಸಲಹೆ. ಕೋಣೆ ಬಾಡಿಗೆಗೆ ಮಿತಿ ಇರಬಾರದು, ಅಥವಾ ಒಬ್ಬರೇ ಇರುವ ಸಾಮಾನ್ಯ ಎ.ಸಿ. ಕೋಣೆ ಎಂದು ಮೊತ್ತವಿಲ್ಲದೆ ಬರೆದಿರಬೇಕು. ಕೋ-ಪೇ ಇರದಿದ್ದರೆ ಒಳ್ಳೆಯದು. ಕಣ್ಣಿನ ಪೊರೆ, ಮಂಡಿ ಬದಲಾವಣೆಗಳಿಗೆ ಪ್ರತ್ಯೇಕ ಉಪಮಿತಿ ಇದೆಯೇ ನೋಡಿ, ಏಕೆಂದರೆ ನಮ್ಮ ವಯಸ್ಸಿನವರಿಗೆ ಬರುವುದೇ ಅವು. ಅವುಗಳಿಗೆ ಸಾಮಾನ್ಯವಾಗಿ ಎರಡು ವರ್ಷದ ಪ್ರತ್ಯೇಕ ಕಾಯುವ ಅವಧಿಯೂ ಇರುತ್ತದೆ. ಎಲ್ಲ ಕಂಪನಿಗಳೂ ಒಂದೇ ನಿಯಮದಲ್ಲಿ ಮಾರುವ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಕೋ-ಪೇ ಶೇ. 5 ಮಾತ್ರ, ಆದರೆ ಕೋಣೆಗೆ ದಿನಕ್ಕೆ ಹೆಚ್ಚೆಂದರೆ 5,000, ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ಹೆಚ್ಚೆಂದರೆ 40,000. ಬೇರೇನೂ ಸಿಗದವರಿಗೆ ಅದು ಅಡ್ಡಿಯಿಲ್ಲ, ನಿಮಗೆ ಅದಕ್ಕಿಂತ ಉತ್ತಮವಾದದ್ದು ಸಿಗಬಹುದು.

ಫ್ಲೋಟರೋ ಬೇರೆ ಬೇರೆಯೋ ಎಂಬುದಕ್ಕೆ ನನ್ನ ಉತ್ತರ ಬೇರೆ ಬೇರೆ ಎಂದೇ. ಫ್ಲೋಟರಿನಲ್ಲಿ ಸಾಮಾನ್ಯವಾಗಿ ಹಿರಿಯರ ವಯಸ್ಸಿನ ಮೇಲೆ ಪ್ರೀಮಿಯಂ ನಿಂತಿರುತ್ತದೆ, ಮೊತ್ತ ಮಾತ್ರ ಇಬ್ಬರಿಗೂ ಒಂದೇ. ಮಕ್ಕಳಿರುವ ಚಿಕ್ಕ ವಯಸ್ಸಿನ ಸಂಸಾರದಲ್ಲಿ ಎಲ್ಲರೂ ಒಂದೇ ವರ್ಷ ಆಸ್ಪತ್ರೆ ಸೇರುವುದು ಅಪರೂಪ. ಅರವತ್ತು ದಾಟಿದ ದಂಪತಿಯ ವಿಷಯದಲ್ಲಿ ಹಾಗೆ ಹೇಳಲಾಗದು. ಮನೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರ ಪಾಲಿಸಿಯ ಷರತ್ತು ನಿಮ್ಮದಕ್ಕೆ ಅಂಟದಿರುವುದೂ ಒಳ್ಳೆಯದು. ತಲಾ 5 ಲಕ್ಷದ ಮೂಲ ಪಾಲಿಸಿ, ಅದರ ಮೇಲೆ 5 ಲಕ್ಷ ದಾಟಿದ ಖರ್ಚನ್ನು ಭರಿಸುವ 10 ಅಥವಾ 15 ಲಕ್ಷದ ಸೂಪರ್ ಟಾಪ್-ಅಪ್ ಎಂಬ ಜೋಡಣೆ ದೊಡ್ಡ ಮೊತ್ತದ ಒಂದೇ ಪಾಲಿಸಿಗಿಂತ ಸಾಮಾನ್ಯವಾಗಿ ಅಗ್ಗ. ಬರೀ ಟಾಪ್-ಅಪ್ ಎಂದಿದ್ದರೆ ಬೇಡ: ಒಂದೇ ವರ್ಷದಲ್ಲಿ ಒಮ್ಮೆ 4 ಲಕ್ಷ, ಇನ್ನೊಮ್ಮೆ 3 ಲಕ್ಷ ಖರ್ಚಾದರೆ ಟಾಪ್-ಅಪ್ ಒಂದೊಂದನ್ನೇ ನೋಡಿ ಎರಡೂ 5 ಲಕ್ಷ ದಾಟಿಲ್ಲ ಎನ್ನುತ್ತದೆ, ಸೂಪರ್ ಟಾಪ್-ಅಪ್ ಎರಡನ್ನೂ ಕೂಡಿಸಿ ಮೇಲಿನ 2 ಲಕ್ಷ ಕೊಡುತ್ತದೆ.

ಸರ್ಕಾರದ ಕಾರ್ಡಿನ ಬಗ್ಗೆ ಉದಾಸೀನ ಬೇಡ, ಆದರೆ ಅದೊಂದನ್ನೇ ನಂಬಿ ಕೂರುವಂತೆಯೂ ಇಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ನಿಮ್ಮದು ಎಪಿಎಲ್ ಎಂದು ಬರೆದಿದ್ದೀರಿ, ಹಾಗಿದ್ದರೆ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಪ್ರಸಂಗ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕು. 70 ತುಂಬಿದವರಿಗೆ ಆದಾಯ ನೋಡದೆ 5 ಲಕ್ಷ ಕೊಡುವ ವಯ ವಂದನಾ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಅದಕ್ಕೆ ನಿಮಗಿನ್ನೂ ಹತ್ತು ವರ್ಷವಿದೆ. ಸಂಬಳ ಕಡಿಮೆಯಿದ್ದು ನೌಕರರ ರಾಜ್ಯ ವಿಮೆಯ, ಅಂದರೆ ಇಎಸ್‌ಐ ವ್ಯಾಪ್ತಿಯಲ್ಲಿ ಕನಿಷ್ಠ ಐದು ವರ್ಷ ಇದ್ದು ನಿವೃತ್ತರಾಗುವ ನಿಮ್ಮ ಸಹೋದ್ಯೋಗಿಗಳಿದ್ದರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ-ಹೆಂಡತಿ ಇಬ್ಬರೂ ಇಎಸ್‌ಐ ಚಿಕಿತ್ಸೆ ಮುಂದುವರಿಸಬಹುದೆಂದು ಅವರಿಗೆ ತಿಳಿಸಿ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ಇನ್ನು ಆಸ್ಪತ್ರೆ. ನಮ್ಮ ಭಾಗದಲ್ಲಿ ಎದೆನೋವೋ ಪಾರ್ಶ್ವವಾಯುವೋ ಆದರೆ ಮೊದಲ ಗಂಟೆಗಳು ಕೊಪ್ಪಳ, ಬಳ್ಳಾರಿ, ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಅಥವಾ ಊರಿನ ಖಾಸಗಿ ಆಸ್ಪತ್ರೆಯಲ್ಲೇ ಕಳೆಯುತ್ತವೆ, ಆಮೇಲೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೈದರಾಬಾದಿಗೋ ಪಯಣ. ಕಂಪನಿಯ ನೆಟ್‌ವರ್ಕ್ ಪಟ್ಟಿಯಲ್ಲಿ ಸಾವಿರಾರು ಆಸ್ಪತ್ರೆಗಳಿವೆ ಎಂಬುದರಿಂದ ನಿಮಗೇನೂ ಆಗಬೇಕಿಲ್ಲ; ಕೊಪ್ಪಳ ಮತ್ತು ಹುಬ್ಬಳ್ಳಿಯಲ್ಲಿ ನೀವು ನಿಜವಾಗಿ ಹೋಗುವ ಎರಡು ಮೂರು ಆಸ್ಪತ್ರೆಗಳು ಅದರಲ್ಲಿವೆಯೇ ಎಂದು ಆ ಆಸ್ಪತ್ರೆಗಳ ವಿಮಾ ಕೌಂಟರಿನಲ್ಲೇ ವಿಚಾರಿಸಿ. ಕ್ಯಾಶ್‌ಲೆಸ್ (ಬಿಲ್ಲನ್ನು ವಿಮಾ ಕಂಪನಿಯೇ ಆಸ್ಪತ್ರೆಗೆ ನೇರ ಕಟ್ಟುವ ವ್ಯವಸ್ಥೆ) ಹೇಗೆ ನಡೆಯುತ್ತಿದೆ ಎಂಬುದನ್ನು ಅಲ್ಲಿ ಕೂತವರು ಏಜೆಂಟರಿಗಿಂತ ನೇರವಾಗಿ ಹೇಳುತ್ತಾರೆ.

ಅರ್ಜಿ ತುಂಬುವಾಗ ನನಗೆ ಏಜೆಂಟರು ಕೊಟ್ಟ ಸಲಹೆ ಹೀಗಿತ್ತು: "ಬಿಪಿ ಅದ ಅಂತ ಬರೀಬ್ಯಾಡ್ರಿ ಸರ, ಆಮ್ಯಾಲ ಯಾರೂ ಕೇಳಂಗಿಲ್ಲ." ಕೇಳುತ್ತಾರೆ. ಸತತ ಐದು ವರ್ಷ ಪಾಲಿಸಿ ನಡೆದ ಮೇಲೆ ವಂಚನೆ ಸಾಬೀತಾದ ಹೊರತು ಕಾಯಿಲೆ ಮುಚ್ಚಿಟ್ಟರೆಂದು ಕ್ಲೇಮು ತಿರಸ್ಕರಿಸುವಂತಿಲ್ಲ ಎಂಬ ನಿಯಮವಿದೆ. ಅದಕ್ಕೆ ಮುಂಚೆ ಕ್ಲೇಮು ತಿರಸ್ಕರಿಸಲು ಆಸ್ಪತ್ರೆಯ ಹಳೆಯ ಚೀಟಿಯೊಂದೇ ಸಾಕು. ಎಂಟು ವರ್ಷದ ಸಕ್ಕರೆ ಕಾಯಿಲೆ, ನುಂಗುವ ಮಾತ್ರೆ ಎಲ್ಲವನ್ನೂ ಬರೆಸಿ, ಅರ್ಜಿಯ ಪ್ರತಿಯನ್ನು ಇಟ್ಟುಕೊಳ್ಳಿ.

ಖರ್ಚಿನ ಬಗ್ಗೆ ಎರಡು ಸಮಾಧಾನದ ಸಂಗತಿಗಳಿವೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವಿಮಾ ನಿಯಂತ್ರಣ ಪ್ರಾಧಿಕಾರದೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ.

ಪಾಲಿಸಿ ಕೈಗೆ ಬಂದ ಮೇಲೆ ಬೇಡವೆನಿಸಿದರೆ ಹಿಂತಿರುಗಿಸಲು 30 ದಿನ ಅವಕಾಶವಿದೆ. ಆ ದಿನಗಳಲ್ಲಿ ಕೋಣೆ ಬಾಡಿಗೆಯ ಸಾಲು, ಕೋ-ಪೇ ಸಾಲು, ಮನೆಯವರ ಹೆಸರಿನ ಮುಂದೆ ನಮೂದಾಗಿರುವ ಕಾಯುವ ಅವಧಿ, ಈ ಮೂರನ್ನು ಹುಡುಕಿ ಓದಿ. ಗುಂಪು ವಿಮೆಯಲ್ಲಿ ಕಳೆದ ವರ್ಷಗಳನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯದಿದ್ದರೆ ಕೂಡಲೇ ಬರೆದು ಕೇಳಿ.