ರಕ್ತ ಹೆಪ್ಪುಗಟ್ಟೋಕೆ ಹಿಡಿಯುವ ಸಮಯ ನೋಡುವ ಎಪಿಟಿಟಿ ಟೆಸ್ಟಲ್ಲಿ ಜಾಸ್ತಿ ಬಂದಿದ್ದರೆ ಮುಂದೇನು?
ಸರ್, ಹಲ್ಲು ಕೀಳಿಸಿದ ಮೇಲೆ ಮಗನಿಗೆ ಎರಡು ದಿನ ರಕ್ತ ನಿಲ್ಲಲಿಲ್ಲ, ಸಿಂಧನೂರಿನ ಲ್ಯಾಬಲ್ಲಿ ಪ್ಲೇಟ್‌ಲೆಟ್, ಪಿಟಿ (ಹೆಪ್ಪುಗಟ್ಟೋದನ್ನು ನೋಡುವ ಇನ್ನೊಂದು ಟೆಸ್ಟ್) ಸರಿ ಇದ್ದು ಎಪಿಟಿಟಿ ಮಾತ್ರ ಜಾಸ್ತಿ ಬಂದಿದೆ ಅಂದಿದ್ದೀರಿ. ಹುಡುಗರಲ್ಲಿ ಹೀಗಾದರೆ ಮೊದಲು ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಇದೆಯಾ ನೋಡಬೇಕು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಫ್ಯಾಕ್ಟರ್ ಅಂತಾರೆ; ಫ್ಯಾಕ್ಟರ್ 8 ಕಡಿಮೆಯಿದ್ದರೆ ಹಿಮೋಫಿಲಿಯಾ ಎ, 9 ಕಡಿಮೆಯಿದ್ದರೆ ಹಿಮೋಫಿಲಿಯಾ ಬಿ. ವಾನ್ ವಿಲ್ಲೆಬ್ರಾಂಡ್ ಅನ್ನೋ ಇನ್ನೊಂದು ರಕ್ತಸ್ರಾವದ ಕಾಯಿಲೆಯಲ್ಲೂ ಹೀಗೆ ಬರಬಹುದು. ಫ್ಯಾಕ್ಟರ್ ಟೆಸ್ಟ್ ಆಗದೆ ಸುಮ್ನೆ ಹೆಸರಿಡೋದು ಬೇಡ. ರಿಪೋರ್ಟ್ ಹಿಡಿದು ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ ಹೋಗಿ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯವರನ್ನೂ ವಿಚಾರಿಸಿ. ಹಿಮೋಫಿಲಿಯಾ ಹೆಚ್ಚಾಗಿ ತಾಯಿಯ ಕಡೆಯಿಂದ ಬರುತ್ತೆ, ಅದಕ್ಕೇ ಹುಡುಗನ ಸೋದರಮಾವಂದಿರಿಗೆ ಹೀಗಾಗಿತ್ತಾ ಅಂತ ಮನೆಯಲ್ಲಿ ಕೇಳಿಕೊಳ್ಳಿ, ಡಾಕ್ಟರ್ ಕೇಳೇ ಕೇಳುತ್ತಾರೆ. ಯಾರಿಗೂ ಇಲ್ಲದಿದ್ದರೂ ಬರಬಹುದು, ತಾಯಿಯನ್ನು ದೂರಬೇಡಿ. ಅಲ್ಲಿಯವರೆಗೆ ರಕ್ತಸ್ರಾವ ಹೆಚ್ಚಿಸೋ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಸೊಂಟಕ್ಕೆ ಇಂಜೆಕ್ಷನ್ ಬೇಡವೇ ಬೇಡ. ನಮ್ಮ ಕಡೆ ನೆಗಡಿಗೂ ಸೂಜಿ ಕೇಳೋ ಚಾಳಿ ಇದೆ ಅಲ್ವಾ! ತಲೆಗೆ ಪೆಟ್ಟು ಬಿದ್ದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ.