ಓದುಗರ ಪ್ರಶ್ನೆ: ನಕ್ಷೆ ಮುಗಿಯುವ ಮುಂಚೆ ಮಾತಾಡಿ

ಪ್ರಶ್ನೆ: ನಮ್ಮ ರಸ್ತೆಯನ್ನು ಹೊಸದಾಗಿ ಮಾಡುತ್ತಾರಂತೆ. ಓಣಿಯವರೆಲ್ಲ ಸೇರಿ ಸಂವಾದ ಇಟ್ಟುಕೊಳ್ಳಬೇಕೆಂದಿದ್ದೇವೆ. ಹೋದ ಸಲ ಇಂಥದ್ದೇ ಸಭೆಯಲ್ಲಿ ಎರಡು ತಾಸು ಭಾಷಣವಾಯಿತು, ಜನ ಎದ್ದು ಹೋದರು. ಈ ಸಲ ಹೇಗೆ ಮಾಡೋಣ?
– ಓದುಗರು, ಹಳೇ ದಾವಣಗೆರೆ

ಉತ್ತರ: ಮೊದಲು ಪಾಲಿಕೆಯ ಎಂಜಿನಿಯರ್ ಶಾಖೆಗೆ ಹೋಗಿ ಕೆಲಸ ಯಾವ ಹಂತದಲ್ಲಿದೆ ಎಂದು ಕೇಳಿ. ರಸ್ತೆ ಪಾಲಿಕೆಯದೋ ಲೋಕೋಪಯೋಗಿ ಇಲಾಖೆಯದೋ ಅದನ್ನೂ ಖಚಿತ ಮಾಡಿಕೊಳ್ಳಿ. ಟೆಂಡರ್ ಆದ ಮೇಲೆ ಚರಂಡಿಯನ್ನು ಒಂದಡಿ ಸರಿಸಿದರೂ ಕೆಲಸದ ಅಳತೆ, ಮೊತ್ತ ಎರಡೂ ಬದಲಾಗುತ್ತವೆ. ಎಂಜಿನಿಯರರಿಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತದೆ. ವಿವರವಾದ ಯೋಜನಾ ವರದಿ ತಯಾರಾಗುತ್ತಿರುವಾಗಲೇ ಸಂವಾದ ನಡೆಯಬೇಕು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲೇ ದಾವಣಗೆರೆ ಸೇರಿತು. ಊರಿನ ಜನಕ್ಕೆ ಯೋಜನೆ ಎಂಬ ಮಾತು ಹೊಸದಲ್ಲ. ಅಳತೆ ಹಿಡಿದು ಮಾತಾಡುವ ರೂಢಿ ಮಾತ್ರ ಇನ್ನೂ ಬೆಳೆಯಬೇಕಿದೆ.

ವೇದಿಕೆ ಹಾಕಬೇಡಿ. ವೇದಿಕೆಯಿದ್ದರೆ ಅತಿಥಿ ಬೇಕು, ಅತಿಥಿಗೆ ಶಾಲು-ಹಾರ ಬೇಕು, ಕಡೆಗೆ ಓಣಿಯವರ ಪಾಲಿಗೆ ಉಳಿಯುವುದು ಹತ್ತು ನಿಮಿಷ. ಬದಲಾಗಲಿರುವ ರಸ್ತೆಯಲ್ಲೇ ಸೇರಿ. ಒಂದು 30 ಮೀಟರ್ ಟೇಪು, ಐದು ಕೆ.ಜಿ. ಸುಣ್ಣದ ಪುಡಿ ತನ್ನಿ. ಹೊಸ ಫುಟ್‌ಪಾತ್, ಚರಂಡಿ, ವಾಹನ ನಿಲ್ಲಿಸುವ ಜಾಗ ಎಲ್ಲೆಲ್ಲಿ ಬರುತ್ತವೆಯೋ ಅಲ್ಲಲ್ಲಿ ನಿಜವಾದ ಅಳತೆಯಲ್ಲೇ ಗೆರೆ ಎಳೆಯಿರಿ. 9 ಮೀಟರ್ ಅಗಲದ ರಸ್ತೆ ಎಂದಿಟ್ಟುಕೊಳ್ಳಿ. ಎರಡೂ ಬದಿ 1.8 ಮೀಟರ್ ಫುಟ್‌ಪಾತ್ ಬಿಟ್ಟರೆ 5.4 ಉಳಿಯಿತು. ಒಂದು ಬದಿ ಬೈಕುಗಳನ್ನು ಅಡ್ಡಸಾಲಾಗಿ ನಿಲ್ಲಿಸಲು 2 ಮೀಟರ್ ಹೋದರೆ ಉಳಿಯುವುದು 3.4. ಸುಮಾರು 1.3 ಮೀಟರ್ ಅಗಲದ ಎರಡು ಆಟೋ ಎದುರುಬದುರು ಬಂದರೆ ಹೇಗೋ ದಾಟಿಕೊಳ್ಳುತ್ತವೆ. ಮಂಡಿಗೆ ಹೋಗುವ ಲಾರಿ ಬಂದರೆ ಆಟೋ ಹಿಂದಕ್ಕೆ ಹೋಗಲೇಬೇಕು. ಕಾಗದದ ಮೇಲೆ ಇದು ಯಾರಿಗೂ ಹೊಳೆಯುವುದಿಲ್ಲ. ಸುಣ್ಣದ ಗೆರೆಯೊಳಗೆ ಎರಡು ಆಟೋ ನಿಲ್ಲಿಸಿ ತೋರಿಸಿದರೆ ಬೈಕು ಯಾವ ಬದಿ ನಿಲ್ಲಬೇಕು, ಒಮ್ಮುಖ ಸಂಚಾರ ಬೇಕೇ ಎಂಬ ಮಾತು ತಾನಾಗಿ ಶುರುವಾಗುತ್ತದೆ.

ಫುಟ್‌ಪಾತಿನ ಎತ್ತರವನ್ನೂ ಇಟ್ಟಿಗೆ ಜೋಡಿಸಿ ತೋರಿಸಿ. 15 ಸೆಂ.ಮೀ. ಮೀರಿದರೆ ಮೊಣಕಾಲು ನೋವಿನ ಅಜ್ಜಿ ಅದನ್ನು ಹತ್ತುವುದಿಲ್ಲ, ರಸ್ತೆಯಲ್ಲೇ ನಡೆಯುತ್ತಾಳೆ. ಗಾಲಿಕುರ್ಚಿಗೆ ಇಳಿಜಾರು 1:12 ಇರಬೇಕು, ಅಂದರೆ 15 ಸೆಂ.ಮೀ. ಎತ್ತರಕ್ಕೆ 1.8 ಮೀಟರ್ ಉದ್ದ.

ನಡೆದು ನೋಡಿದ ಮೇಲೆ ಕೂತು ಮಾತಾಡಿ. ನಲವತ್ತು ಜನ ಬಂದರೆ ಎಂಟೆಂಟು ಜನರ ಐದು ಗುಂಪು, ಗುಂಪಿಗೊಂದು ನಕ್ಷೆ, 25 ನಿಮಿಷ. ನಕ್ಷೆ 1:50ರ ಅಳತೆಯಲ್ಲಿರಲಿ. 60 ಮೀಟರ್ ರಸ್ತೆ 120 ಸೆಂ.ಮೀ. ಹಾಳೆಯಲ್ಲಿ ಕೂರುತ್ತದೆ. ಜನ ಮೊದಲು ಹುಡುಕುವುದು ತಮ್ಮ ಮನೆ ಬಾಗಿಲನ್ನು. ಅದಕ್ಕೇ ಗುಡಿ, ಮಸೀದಿ, ಬೇವಿನ ಮರ, ನಲ್ಲಿ, ಕಿರಾಣಿ ಅಂಗಡಿ ಎಲ್ಲವನ್ನೂ ಬರೆದಿರಿ. ಫ್ಲೆಕ್ಸ್ ಬೇಡ. ಅದರ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ, ಬಣ್ಣದ ಮುದ್ರಣ ಕಂಡವರಿಗೆ ಎಲ್ಲ ತೀರ್ಮಾನವಾಗಿಬಿಟ್ಟಿದೆ ಅನ್ನಿಸುತ್ತದೆ. ಡ್ರಾಯಿಂಗ್ ಹಾಳೆ ಸಾಕು. ಬರೆದುಕೊಳ್ಳುವವರು ವಾದಕ್ಕಿಳಿಯಬಾರದು. "ನೀರು ನಿಲ್ಲುತ್ತದೆ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾರ ಮನೆ ಮುಂದೆ, ಎಷ್ಟು ಹೊತ್ತಿನ ಮಳೆಗೆ, ಪಾದ ಮುಳುಗುವಷ್ಟೋ ಮೊಣಕಾಲಿನವರೆಗೋ ಎಂದು ಕೇಳಿ ಬರೆಯಿರಿ. ಮೈಕು ಕೊನೆಗೆ, ಗುಂಪಿಗೆ ಎರಡು ನಿಮಿಷ.

ಹಳೇ ಊರಿನಲ್ಲಿ ಇನ್ನೊಂದು ಮಾತು ಮರೆಯಬಾರದು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆಗ ಮನೆಮನೆಗೂ ನೆಂಟರು. ಪೆಂಡಾಲು ಎಲ್ಲಿ, ಅಡುಗೆ ಒಲೆ ಎಲ್ಲಿ, ಮೆರವಣಿಗೆ ಯಾವ ತಿರುವಿನಲ್ಲಿ ಬರುತ್ತದೆ ಎಂಬುದನ್ನು ಹಿರಿಯರಿಂದ ಕೇಳಿ ನಕ್ಷೆಯಲ್ಲಿ ಗುರುತಿಸಿ. ಕಾಂಕ್ರೀಟಿನ ಕಂಬ, ಗಿಡದ ತೊಟ್ಟಿ ಹೂತ ಮೇಲೆ ಜಾತ್ರೆಗೆ ಜಾಗವಿಲ್ಲವಾದರೆ ಮೊದಲು ಒಡೆಯುವುದು ಅವನ್ನೇ. ಕಿತ್ತು ತೆಗೆಯಬಹುದಾದ ಕಂಬವನ್ನು ಈಗಲೇ ಕೇಳಿ ಪಡೆಯಿರಿ.

ಪ್ರಶ್ನೆ: ಸಭೆಗೆ ಹೆಣ್ಣುಮಕ್ಕಳು ಬರುತ್ತಾರೆ, ಬಾಯಿ ಬಿಡುವುದಿಲ್ಲ. ಏನು ಮಾಡಬೇಕು?
– ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಗಂಡಸರು ಮುಂದೆ ಕೂತ ಸಭೆಯಲ್ಲಿ ಬಿಡುವುದಿಲ್ಲ. ಮುಖ್ಯ ಸಭೆಗೆ ಮೂರು ದಿನ ಮುಂಚೆ, ಮಧ್ಯಾಹ್ನ ಮೂರರ ಹೊತ್ತಿಗೆ ಅಂಗನವಾಡಿ ಹತ್ತಿರ ಅದೇ ನಕ್ಷೆ ಹಾಸಿ ಕೂತುಕೊಳ್ಳಿ. ಮಂಡಕ್ಕಿ ಭಟ್ಟಿಗೆ ಹೋಗುವವರಿದ್ದರೆ ಅವರ ಬಿಡುವು ಕೇಳಿಯೇ ಹೊತ್ತು ಗೊತ್ತು ಮಾಡಿ. ಬೀದಿದೀಪ ಇಲ್ಲದ ತಿರುವು, ಕುಡುಕರು ಕೂರುವ ಕಟ್ಟೆ, ಶೌಚಾಲಯ ಇಲ್ಲದ ಸಂತೆ ಬೀದಿ ಎಲ್ಲ ಅಲ್ಲಿ ಹೊರಬರುತ್ತವೆ. ಉರ್ದು, ಲಂಬಾಣಿ ಮನೆಮಾತಿನವರಿದ್ದರೆ ಆ ಮಾತು ಬಲ್ಲವರೇ ಬರೆದುಕೊಳ್ಳಲಿ.

ಪ್ರಶ್ನೆ: ಸಂವಾದ ಚೆನ್ನಾಗಿ ಆಯಿತು, ಆಮೇಲೆ ಏನೂ ಆಗಲಿಲ್ಲ. ತಳ್ಳುಗಾಡಿಯವರ ಜಗಳವಂತೂ ಹಾಗೇ ಇದೆ.
– ಓದುಗರು, ವಿನೋಬನಗರ, ದಾವಣಗೆರೆ

ಉತ್ತರ: ಮಾತಾಡಿದ್ದನ್ನು ಕೆಲಸಕ್ಕೆ ಇಳಿಸುವುದು ಒಂದು ಹಾಳೆ. ಮೂರು ಸಾಲು ಹಾಕಿ: ಏನು ಆಗಬೇಕು, ಯಾರು ಮಾಡಬೇಕು, ಯಾವಾಗ ವಿಚಾರಿಸಬೇಕು. ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು. ಅದನ್ನು ಪಾಲಿಕೆಗೆ ಬರೆದರೆ ಅರ್ಜಿ ಅಲ್ಲೇ ಮಲಗುತ್ತದೆ. ವಾರದೊಳಗೆ ಎರಡು ಪ್ರತಿಯಲ್ಲಿ ಕೊಟ್ಟು ಒಂದರ ಮೇಲೆ ಮೊಹರು ಹಾಕಿಸಿಕೊಳ್ಳಿ. ಅದರ ನಕಲೊಂದನ್ನು ಸಭೆ ನಡೆದ ಜಾಗದಲ್ಲೇ ಅಂಟಿಸಿ. ತಮ್ಮ ಮಾತು ಹಾಳೆಯ ಮೇಲಿರುವುದನ್ನು ಕಂಡವರು ಮುಂದಿನ ಸಭೆಗೆ ಬರುತ್ತಾರೆ.

ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ವಾರ್ಡ್ ಸಮಿತಿಗೆ ಅವಕಾಶವಿದೆ. ಪಾಲಿಕೆ ಸದಸ್ಯರು ಅಧ್ಯಕ್ಷರು, ಜೊತೆಗೆ 10 ನಾಮನಿರ್ದೇಶಿತರು. ಅವರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ-ಪಂಗಡದವರು, ಮೂವರು ಮಹಿಳೆಯರು, ಇಬ್ಬರು ನಿವಾಸಿ ಸಂಘಗಳವರು ಇರಬೇಕು. ನಿಮ್ಮ ವಾರ್ಡಿನಲ್ಲಿ ಸಮಿತಿ ಇದೆಯೇ ಎಂದು ಲಿಖಿತವಾಗಿ ಕೇಳಿ, ಇದ್ದರೆ ಹಾಳೆಯನ್ನು ಅಲ್ಲಿ ಮಂಡಿಸಿ.

ತಳ್ಳುಗಾಡಿಯವರನ್ನು ಬಿಟ್ಟು ಫುಟ್‌ಪಾತಿನ ಮಾತಾಡುವುದು ಅನ್ಯಾಯ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಜಾಗ ಗುರುತಿಸುವಾಗ ಗಾಡಿಯನ್ನಷ್ಟೇ ಅಳೆದು ಬಿಡಬೇಡಿ. ಮಂಡಕ್ಕಿ-ಮಿರ್ಚಿ ತಿನ್ನುವ ಗಿರಾಕಿ ನಿಲ್ಲಲು ಮುಂದೆ ಇನ್ನೂ ಎರಡೂವರೆ ಅಡಿ ಬೇಕು. ಅದನ್ನು ಲೆಕ್ಕಕ್ಕೆ ಹಿಡಿಯದ ಕಡೆಯೆಲ್ಲ ಜನ ರಸ್ತೆಗಿಳಿಯುತ್ತಾರೆ, ಬೈಯಿಸಿಕೊಳ್ಳುವುದು ಗಾಡಿಯವರು.

ಪ್ರಶ್ನೆ: ಕೋಟೆ ಬುಡದ ನಮ್ಮ ಬೀದಿ, ಹೊಂಡಗಳ ಸುತ್ತ ಏನಾಗಬೇಕು ಎಂಬುದರ ಬಗ್ಗೆ ಊರವರ ಮಾತುಕತೆ ನಡೆಸಬೇಕು. ಎಲ್ಲಿಂದ ಶುರು ಮಾಡುವುದು?
– ಓದುಗರು, ಬುರುಜನಹಟ್ಟಿ, ಚಿತ್ರದುರ್ಗ

ಉತ್ತರ: ಕೋಟೆ ಸಂರಕ್ಷಿತ ಸ್ಮಾರಕ. ಅದರ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಪಡೆದು ಕಟ್ಟುವ ವಲಯ. ಹಳೇ ಮನೆಯ ರಿಪೇರಿಗೆ ಅರ್ಜಿ ಹಾಕಲು ದಾರಿಯಿದೆ. ಈ ಎರಡು ಗೆರೆಗಳನ್ನು ನಕ್ಷೆಯಲ್ಲಿ ಮೊದಲೇ ಹಾಕಿ, ಇಲ್ಲದಿದ್ದರೆ ಆಗದ ಆಸೆಗಳಲ್ಲೇ ಸಂಜೆ ಕಳೆಯುತ್ತದೆ.

ಹೊಂಡದ ಮಾತನ್ನು ಹೊಂಡದ ದಡದಲ್ಲಿ ಶುರು ಮಾಡಬೇಡಿ, ಮೇಲಿನಿಂದ ಇಳಿದು ಬನ್ನಿ. ಬೆಟ್ಟದ ಮಳೆನೀರು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ, ಸಂತೆ ಹೊಂಡ ಎಂದು ಒಂದು ತುಂಬಿ ಇನ್ನೊಂದಕ್ಕೆ ಹರಿಯುವಂತೆ ಹಿಂದಿನವರು ಮಾಡಿದ ಏರ್ಪಾಡು ಇದು. ನಡುವೆ ಎಲ್ಲೋ ಒಂದು ಕಡೆ ಕಾಲುವೆ ಮುಚ್ಚಿದ್ದರೆ ಕೆಳಗೆ ಕಲ್ಲುಮೆಟ್ಟಿಲು ಸರಿಪಡಿಸಿ ಫಲವಿಲ್ಲ. ಮಳೆ ನಿಂತ ಅರ್ಧ ಗಂಟೆಯೊಳಗೆ ಹತ್ತು ಜನ ಈ ದಾರಿ ನಡೆದು, ನೀರು ಅಡ್ಡ ತಿರುಗುವ ಜಾಗಗಳನ್ನು ಗುರುತಿಸಿ. ಬೇಸಿಗೆಯಾದರೆ ಗಾರೆಯವರ ಲೆವೆಲ್ ಪೈಪಿನಿಂದ, ಅಂದರೆ ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಪೈಪಿನಿಂದ, ಇಳಿಜಾರು ನೋಡಬಹುದು. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಎರಡು ತುದಿಯ ಮಟ್ಟ ತಪ್ಪು ತೋರಿಸುತ್ತದೆ. ಆದ್ದರಿಂದ ನೀರು ತುಂಬಿದ ಮೇಲೆ ಎರಡೂ ತುದಿ ಜೋಡಿಸಿ ಹಿಡಿದು, ಮಟ್ಟ ಒಂದೇ ಇದೆಯೆಂದು ನೋಡಿಯೇ ಅಳತೆ ಶುರು ಮಾಡಿ.